ಚಿಕ್ಕಮ್ಮನ ತಲೆ ತೊಳೆದ ಮೂರು ಬೆಳಿಗ್ಗೆ

ನಾನು ಕೆಲಸ ಮಾಡುವ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಮಿದುಳಿನ ಅಲೆ ಅಳೆಯುವ ಒಂದು ಟೋಪಿ ಇದೆ. ನೀಲಿ ಬಟ್ಟೆಯದು, ಗಲ್ಲದ ಕೆಳಗೆ ಬಿಗಿಯುವ ಪಟ್ಟಿ, ಮೈತುಂಬ ಅರವತ್ತನಾಲ್ಕು ತೂತು. ತೂತಿಗೊಂದು ಬಿಲ್ಲೆ, ಬಿಲ್ಲೆಗೊಂದು ವೈರು. ಟೋಪಿಯನ್ನು ರೋಗಿಯ ತಲೆಗೆ ಹಾಕಿ, ಒಂದೊಂದು ತೂತಿನಲ್ಲೂ ಕೂದಲನ್ನು ಎರಡು ಕಡೆ ಸರಿಸಿ, ಮೊಂಡು ಸೂಜಿಯ ಸಿರಿಂಜಿನಿಂದ ಜೆಲ್ ಬಿಡಬೇಕು. ಕಡಿಮೆಯಾದರೆ ಬಿಲ್ಲೆಗೆ ಏನೂ ಸಿಗುವುದಿಲ್ಲ. ಹೆಚ್ಚಾದರೆ ಪಕ್ಕದ ತೂತಿಗೆ ಹರಿದು ಎರಡು ಬಿಲ್ಲೆಗಳೂ ಒಂದನ್ನೇ ಹೇಳುತ್ತವೆ. ಬೇರೆಯವರಿಗೆ ಒಂದು ಗಂಟೆ ಹಿಡಿಯುವ ಈ ಕೆಲಸ ನನ್ನ ಕೈಯಲ್ಲಿ ಇಪ್ಪತ್ತೈದು ನಿಮಿಷದಲ್ಲಿ ಮುಗಿಯುತ್ತದೆ.

ಈ ಕೈ ಬಂದದ್ದು ಚಿಕ್ಕಮ್ಮನಿಂದ. ಅಮ್ಮ ತೀರಿಕೊಂಡ ಮೇಲೆ, ಒಂಬತ್ತು ವರ್ಷದವಳಾಗಿದ್ದಾಗಿನಿಂದ ನಾನು ಅವಳ ಮನೆಯಲ್ಲೇ ಬೆಳೆದೆ. ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಎಂಟನೇ ಕ್ಲಾಸಿನಲ್ಲಿ ಎದ್ದು ನಿಂತು ಪಾಠ ಓದು ಅಂದರೆ ನಾನು ಮೊದಲ ಪದದಲ್ಲೇ ನಿಂತುಬಿಡುತ್ತಿದ್ದೆ. ಇಡೀ ಕ್ಲಾಸು ನಗುತ್ತಿತ್ತು. ಒಂದು ದಿನ ಶಾಲೆಗೆ ಹೋಗುವುದಿಲ್ಲ ಅಂದೆ. ಮಾರನೇ ದಿನವೂ ಅಂದೆ. ಚಿಕ್ಕಪ್ಪ ಬೈದರು. ಚಿಕ್ಕಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, "ಓದೋಕೆ ಬರದಿದ್ರೆ ಬೇಡ ಬಿಡಿ. ಇವಳಿಗೆ ನೋಡೋಕೆ ಬರುತ್ತೆ. ಆ ಕಾಲರ್ ಅರ್ಧ ಇಂಚು ಓರೆ ಇದೆ ಅಂತ ನನಗಿಂತ ಮುಂಚೆ ಕಂಡವಳು ಇವಳು" ಅಂದಳು. ಅಲ್ಲಿಗೆ ನನ್ನ ಶಾಲೆ ಮುಗಿಯಿತು. ಕಾಜಾ, ಹುಕ್ಕು, ಹೆಮ್ಮಿಂಗು ಶುರುವಾಯಿತು.

ಅಳತೆ ತೆಗೆಯುವುದೊಂದನ್ನು ಮಾತ್ರ ಅವಳು ನನಗೆ ಬಿಡುತ್ತಿರಲಿಲ್ಲ. ಗಿರಾಕಿಗಳು ಟೇಪು ಕಂಡ ಕೂಡಲೇ ಉಸಿರು ಎಳೆದುಕೊಂಡು, ಹೊಟ್ಟೆ ಒಳಗೆ ಹಾಕಿ ನಿಲ್ಲುತ್ತಾರೆ. ಆಗ ಅಳತೆ ತೆಗೆದರೆ ಬಟ್ಟೆ ಬಿಗಿಯಾಗುತ್ತದೆ. "ಮಾತಾಡಿಸ್ತಾ ತಗೋಬೇಕು ಕಣೇ. ಸೊಸೆ ಹೇಗಿದ್ದಾಳೆ ಅಂತ ಕೇಳು. ಉಸಿರು ತಾನೇ ಬಿಡ್ತಾರೆ, ಹೊಟ್ಟೆಯೂ ಈಚೆ ಬರುತ್ತೆ" ಅನ್ನುತ್ತಿದ್ದಳು. ನನಗೆ ಮಾತಾಡಿಸಲು ಬರುತ್ತಿರಲಿಲ್ಲ. ಹಾಗಾಗಿ ಟೇಪು ಅವಳ ಕೊರಳಲ್ಲೇ ಉಳಿಯಿತು.

ನನಗೆ ಇಪ್ಪತ್ತೊಂದಾಗಿದ್ದಾಗ, ಒಂದು ಮಧ್ಯಾಹ್ನ ಮೆಷಿನ್ನಿನ ಮೇಲೇ ಅವಳು ಮುಂದಕ್ಕೆ ಬಾಗಿದಳು. ದಾರ ಕಡಿಯಲು ಬಗ್ಗಿದಳೆಂದುಕೊಂಡೆ. ಎದ್ದೇಳಲಿಲ್ಲ. ನಿಂತ ಹೃದಯವನ್ನು ಆಂಬುಲೆನ್ಸಿನವರು ಮತ್ತೆ ಹೊಡೆದುಕೊಳ್ಳುವಂತೆ ಮಾಡಿದರು. ಆದರೆ ಅಷ್ಟು ಹೊತ್ತು ಮಿದುಳಿಗೆ ರಕ್ತ ಹೋಗಿರಲಿಲ್ಲ. ಮೂರು ವಾರದ ಮೇಲೆ ಕಣ್ಣು ತೆರೆದಳು. ಆದರೆ ಆ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಉಸಿರು ತಾನೇ ಆಡುತ್ತಿತ್ತು, ಊಟ ಹೊಟ್ಟೆಗಿಟ್ಟ ನಳಿಕೆಯಿಂದ.

ಚಿಕ್ಕಪ್ಪ ಲಿಫ್ಟ್ ರಿಪೇರಿ ಮಾಡುವವರು. ಕೆಲಸ ಮುಗಿಸಿ, ಗ್ರೀಸು ಮೆತ್ತಿದ ಬ್ಯಾಗಿನ ಸಮೇತ ದಿನಾ ನಾಲ್ಕೂವರೆಗೆ ವಾರ್ಡಿಗೆ ಬರುತ್ತಿದ್ದರು. ಹಾಸಿಗೆಯ ಪಕ್ಕ ಕೂತು, "ನೋಡೇ, ನಿನಗೇನೂ ಆಗಿಲ್ಲ. ಎರಡು ಮಹಡಿ ಮಧ್ಯೆ ನಿಂತಿದ್ದೀಯ ಅಷ್ಟೆ. ಕರೆಂಟು ಬಂದ ತಕ್ಷಣ ಬಾಗಿಲು ತೆಗೀತೀನಿ, ಅಲ್ಲೀವರೆಗೂ ಗಾಬರಿಯಾಗಿ ಎಲ್ಲಾ ಬಟನ್ನೂ ಒತ್ತಬೇಡ" ಅನ್ನುತ್ತಿದ್ದರು. ಪಕ್ಕದ ಹಾಸಿಗೆಯವರ ಸಂಬಂಧಿಕರೂ ನಗುತ್ತಿದ್ದರು. ನನಗೆ ಅವರಿಟ್ಟ ಹೆಸರು ಸದ್ದಿಲ್ಲಮ್ಮ. "ಸದ್ದಿಲ್ಲಮ್ಮ, ಇವತ್ತೇನಾದ್ರೂ ವಿಶೇಷವಾ?" ಎಂದು ಕೇಳುವರು. ನಾನು ತಲೆಯಾಡಿಸುವೆ.

ನಾನು ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಇರುತ್ತಿದ್ದೆ. ಅವಳನ್ನು ಮಗ್ಗುಲು ತಿರುಗಿಸುವುದು, ಒರೆಸುವುದು, ಹಾಸು ಬದಲಿಸುವುದು. ನನ್ನ ಕೆಲಸ ಅಚ್ಚುಕಟ್ಟು ಎಂದು ಎರಡು ತಿಂಗಳಾದ ಮೇಲೆ ದೊಡ್ಡ ಸಿಸ್ಟರ್ ನನ್ನನ್ನು ವಾರ್ಡಿನ ಸಹಾಯಕಿಯಾಗಿ ಸೇರಿಸಿಕೊಂಡರು. "ನಿನ್ನಷ್ಟು ಕಡಿಮೆ ಮಾತಾಡೋ ಹುಡುಗೀನ ನಾನು ಈ ಆಸ್ಪತ್ರೇಲಿ ನೋಡಿಲ್ಲ. ಇಲ್ಲಿ ರೋಗಿಗಳನ್ನ ಬಿಟ್ರೆ ನೀನೇ" ಎಂದು ಅವರು ಹೇಳಿದ್ದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಹಾಗೆ ದಿನಾ ನೋಡುತ್ತಾ ಇದ್ದಾಗ ಕಂಡದ್ದು ಚಿಕ್ಕಮ್ಮನ ಬಲಗೈಯ ಹೆಬ್ಬೆರಳು. ಅದು ಕೆಲವೊಮ್ಮೆ ತೋರುಬೆರಳಿನ ತುದಿಯ ಮೇಲೆ ಮೆಲ್ಲಗೆ ಮುಂದಕ್ಕೆ ಜಾರುತ್ತಿತ್ತು. ಹೊಲಿಯುವವರು ದಾರದ ತುದಿಯನ್ನು ಬೆರಳಿಗೆ ಒಂದು ಸುತ್ತು ಸುತ್ತಿ, ಹೆಬ್ಬೆರಳಿಂದ ಹೊಸೆದು ಗಂಟು ಹಾಕುತ್ತಾರಲ್ಲ, ಹಾಗೆ. ಎರಡು ಸಲ, ಮೂರು ಸಲ, ಆಮೇಲೆ ನಿಲ್ಲುವುದು. ಬೆಳಿಗ್ಗೆ ಮುಖ ಒರೆಸುವಾಗ ಇರುತ್ತಿತ್ತು, ಚಿಕ್ಕಪ್ಪ ಬಂದು ಮಾತಾಡುವಾಗ ಇರುತ್ತಿತ್ತು. ಅವಳು ನಿದ್ದೆಯಲ್ಲಿದ್ದಾಗ ಒಮ್ಮೆಯೂ ಇರುತ್ತಿರಲಿಲ್ಲ. ಅವಳ ನಿದ್ದೆ ಗುರುತಿಸುವುದು ಬೇರೆಯವರಿಗೆ ಕಷ್ಟ, ಯಾಕೆಂದರೆ ನಿದ್ದೆ ಮಾಡಿದಾಗಲೂ ಅವಳ ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ನನಗೆ ಮಾತ್ರ ಹೆಬ್ಬೆರಳು ಗೊತ್ತಿತ್ತು.

ಯಾರಿಗೂ ಹೇಳಲಿಲ್ಲ. ಹೇಳುವವರ ಗತಿಯನ್ನು ನಾನು ನೋಡಿದ್ದೆ. ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದ ಯುವಕನ ತಾಯಿ, "ಮಗ ನನ್ನ ಕೈ ಹಿಚುಕಿದ" ಎಂದು ಓಡಿ ಬರುತ್ತಿದ್ದರು. ಡಾಕ್ಟರುಗಳು ಬಂದು ನೋಡಿ, ಸಮಾಧಾನ ಹೇಳಿ ಹೋಗುತ್ತಿದ್ದರು. ಆಮೇಲೆ ಸಿಸ್ಟರುಗಳ ಕೋಣೆಯಲ್ಲಿ ಒಬ್ಬರು, "ಇವತ್ತು ಕೈ ಹಿಚುಕಿದ. ನಾಳೆ ಕಾಫಿ ಕೇಳ್ತಾನೆ" ಅನ್ನುವರು. ಕೆಟ್ಟವರಲ್ಲ ಅವರು. ದಿನಾ ಕೇಳಿ ಕೇಳಿ ಹಾಗಾಗಿದ್ದರು. ಆ ನಗು ಚಿಕ್ಕಮ್ಮನ ಹೆಬ್ಬೆರಳಿನ ಮೇಲೆ ಬೀಳುವುದು ನನಗೆ ಬೇಡವಾಗಿತ್ತು.

ಆಮೇಲೆ ಲೆಕ್ಕದ ಡಾಕ್ಟರು ಬಂದರು. ಆ ಹೆಸರಿಟ್ಟದ್ದು ಸಿಸ್ಟರುಗಳು. ಅವರು ರೋಗಿಯ ನಾಡಿ ಹಿಡಿದವರಲ್ಲ, ಚೀಟಿ ಬರೆದವರಲ್ಲ. ಕಾರಿಡಾರಿನ ಕೊನೆಯ ಕೋಣೆಯಲ್ಲಿ ಮೂರು ಕಂಪ್ಯೂಟರ್ ಇಟ್ಟುಕೊಂಡು ಕೂರುತ್ತಿದ್ದರು. ನಲವತ್ತರ ಹೆಂಗಸು, ಕನ್ನಡಕ ಯಾವಾಗಲೂ ತಲೆಯ ಮೇಲೆ, ಅದನ್ನೇ ಮೇಜಿನ ತುಂಬ ಹುಡುಕುವರು. ಒಂದು ಸಂಜೆ ಅವರು ಚಿಕ್ಕಪ್ಪನನ್ನೂ ನನ್ನನ್ನೂ ಕೂರಿಸಿಕೊಂಡು ವಿವರಿಸಿದರು.

"ಎರಡು ಔಷಧ ಇದೆ. ಇಂಥ ಸ್ಥಿತೀಲಿರೋ ಕೆಲವರಿಗೆ ಅದು ಎಚ್ಚರ ತರಬಹುದು, ಸ್ವಲ್ಪ ಮಟ್ಟಿಗೆ. ಎಲ್ಲರಿಗೂ ಅಲ್ಲ. ಕೆಲವರಿಗೆ ತೊಂದರೇನೂ ಆಗಬಹುದು. ಯಾರಿಗೆ ಯಾವುದು ಅಂತ ಸುಮ್ಮನೆ ಕೊಟ್ಟು ನೋಡೋ ಹಾಗಿಲ್ಲ. ಅದಕ್ಕೆ ಮೊದಲು ಕಂಪ್ಯೂಟರಿನೊಳಗೆ ಅವರ ಮಿದುಳಿನ ಒಂದು ಮಾದರಿ ಮಾಡ್ತೀವಿ. ಸ್ಕ್ಯಾನಿನಿಂದ ಅದರ ದಾರಿಗಳು ಸಿಗುತ್ತೆ, ಟೋಪಿಯಿಂದ ಅದರ ಅಲೆಗಳು ಸಿಗುತ್ತೆ. ಮಾದರಿ ಅವರ ಹಾಗೇ ಅಲೆ ಎಬ್ಬಿಸೋಕೆ ಶುರು ಮಾಡಿದ ಮೇಲೆ, ಅದಕ್ಕೆ ಔಷಧ ಕೊಟ್ಟು ನೋಡ್ತೀವಿ."

"ಕಂಪ್ಯೂಟರಿಗೆ ಮಾತ್ರೆ ನುಂಗಿಸ್ತೀರಾ ಮೇಡಂ?" ಅಂದರು ಚಿಕ್ಕಪ್ಪ.

"ಲೆಕ್ಕದಲ್ಲಿ ನುಂಗಿಸ್ತೀವಿ" ಎಂದು ಅವರು ನಕ್ಕರು. "ಆ ಔಷಧ ಮಿದುಳಿನ ಯಾವ ಭಾಗಾನ ಎಷ್ಟು ಚುರುಕು ಮಾಡುತ್ತೆ ಅನ್ನೋದು ಗೊತ್ತಿದೆ. ಆ ಅಂಕಿ ಬದಲಿಸಿ, ಮಾದರಿ ಎಚ್ಚರದ ಕಡೆ ಸರಿಯುತ್ತಾ ನೋಡ್ತೀವಿ."

ಪರದೆಯ ಮೇಲೆ ಯಾರದೋ ಮಿದುಳು ಇತ್ತು. ನೂರಾರು ಚುಕ್ಕೆ, ಚುಕ್ಕೆಯಿಂದ ಚುಕ್ಕೆಗೆ ಗೆರೆ. ನನಗೆ ಥಟ್ಟನೆ ಹೊಳೆದದ್ದು ಚಿಕ್ಕಮ್ಮನ ಕಂದು ಕಾಗದ. ಬೆಲೆಬಾಳುವ ಬಟ್ಟೆ ಬಂದರೆ ಅವಳು ಮೊದಲು ಕಾಗದದಲ್ಲಿ ಕತ್ತರಿಸಿ, ಪಿನ್ನು ಚುಚ್ಚಿ, ನನ್ನ ಮೈಮೇಲೆ ಇಟ್ಟು ನೋಡಿದ ಮೇಲೇ ಬಟ್ಟೆಗೆ ಕತ್ತರಿ ಹಾಕುತ್ತಿದ್ದಳು. ಹೇಳಬೇಕೆನಿಸಿತು. ಹೇಳಲಿಲ್ಲ.

"ಈ ಸುತ್ತಿನಲ್ಲಿ ಆರು ಜನಕ್ಕೆ ಮಾತ್ರ ಔಷಧ" ಎಂದರು ಲೆಕ್ಕದ ಡಾಕ್ಟರು. "ಮಾದರಿ ಯಾರ ವಿಷಯದಲ್ಲಿ ಹೂಂ ಅನ್ನುತ್ತೋ ಅವರಿಗೆ."

ಹೊರಗೆ ಬಂದ ಮೇಲೆ ಚಿಕ್ಕಪ್ಪ ಲಿಫ್ಟಿನ ಬಟನ್ನು ಒತ್ತಿದರು. ಆಮೇಲೆ, "ಆರರಲ್ಲಿ ಒಂದು ನಮ್ಮದಾಗಲಿ ಕಣೇ ಮಗಳೇ" ಅಂದರು. ಆ ಮಾತಿನಲ್ಲಿ ತಮಾಷೆ ಇರಲಿಲ್ಲ.

ಟೋಪಿ ಹಾಕುವ ಕೆಲಸವನ್ನು ನಾನು ಆಗಲೇ ಕಲಿತಿದ್ದೆ. ಚಿಕ್ಕಮ್ಮನ ಸರದಿ ಬಂದಾಗ ಲೆಕ್ಕದ ಡಾಕ್ಟರು, "ನೀವೇ ಹಾಕಿ. ತಲೆ ಚೊಕ್ಕವಾಗಿರಲಿ, ಎಣ್ಣೆ ಜಿಡ್ಡು ಇದ್ದರೆ ಹಿಡಿಯಲ್ಲ. ರೋಗಿ ಶಾಂತವಾಗಿರಬೇಕು, ಅಲುಗಾಡಬಾರದು. ಮತ್ತೆ ಎಚ್ಚರವಾಗಿರಬೇಕು, ಕಣ್ಣು ಮುಚ್ಚಿದರೆ ಭುಜ ಒತ್ತಿ ಎಬ್ಬಿಸಿ" ಎಂದರು. ಮೂರು ಬೆಳಿಗ್ಗೆ, ದಿನಕ್ಕೆ ಇಪ್ಪತ್ತು ನಿಮಿಷ. ಅವರು ಗಾಜಿನ ಆಚೆ ಕೋಣೆಯಲ್ಲಿ ಅಲೆ ನೋಡುತ್ತಿರುತ್ತಾರೆ, ನಾನು ಒಳಗೆ ರೋಗಿಯ ಜೊತೆ. ನನ್ನ ಕೈಯಲ್ಲೊಂದು ಹಾಳೆ. ಅದರಲ್ಲಿ ಐದೈದು ನಿಮಿಷಕ್ಕೊಂದು ಸಾಲು: ಕಣ್ಣು ತೆರೆದಿದೆ, ಕಣ್ಣು ಮುಚ್ಚಿದೆ. ಒಂದಕ್ಕೆ ಗುರುತು ಹಾಕಬೇಕು.

ಬೇರೆ ರೋಗಿಗಳಿಗೆ ನಾನು ಒದ್ದೆ ಬಟ್ಟೆಯಲ್ಲಿ ತಲೆ ಒರೆಸಿ ಟೋಪಿ ಹಾಕುತ್ತಿದ್ದೆ. ಚಿಕ್ಕಮ್ಮನಿಗೆ ಅಷ್ಟು ಸಾಲದು ಅನಿಸಿತು. ಇದು ಎಂದಿನ ಪರೀಕ್ಷೆಯಲ್ಲ. ಒಂದು ಬಿಲ್ಲೆಯೂ ತಪ್ಪಬಾರದು. ಮೊದಲ ಬೆಳಿಗ್ಗೆ ಅರ್ಧ ಗಂಟೆ ಮುಂಚೆಯೇ ಹೋಗಿ, ತಲೆದಿಂಬು ತೆಗೆದು, ರಬ್ಬರ್ ಹಾಳೆ ಹಾಸಿ, ಬೇಸಿನ್ನಿನಲ್ಲಿ ಬೆಚ್ಚಗಿನ ನೀರು ತಂದೆ. ಮೊಣಕೈ ಅದ್ದಿ ಬಿಸಿ ನೋಡಿದೆ. ಮಗ್ಗಿನಿಂದ ಸ್ವಲ್ಪ ಸ್ವಲ್ಪವೇ ಹೊಯ್ಯುತ್ತಾ, ಕೂದಲ ಬುಡದಲ್ಲಿ ಬೆರಳಾಡಿಸಿದೆ. ಕಿವಿಯ ಹಿಂದೆ, ಕತ್ತಿನ ಮೇಲಿನ ಗುಳಿಯಲ್ಲಿ, ನೆತ್ತಿಯಲ್ಲಿ. ಶಾಲೆಯಿಂದ ಅತ್ತುಕೊಂಡು ಬಂದ ದಿನಗಳಲ್ಲಿ ಅವಳು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೀಗೆಯೇ ಒತ್ತುತ್ತಿದ್ದಳು. ಎರಡು ನಿಮಿಷಕ್ಕೆ ನನಗೆ ನಿದ್ದೆ ಹತ್ತುತ್ತಿತ್ತು. ಚಿಕ್ಕಮ್ಮನ ಹುಬ್ಬಿನ ನಡುವಿನ ಗಂಟು ಸಡಿಲವಾಯಿತು. ಉಸಿರು ನಿಧಾನವಾಯಿತು. ನೋಡಿ ನನಗೆ ಸಂತೋಷವಾಯಿತು. ರೋಗಿ ಶಾಂತವಾಗಿರಬೇಕು ಅಂದಿದ್ದರಲ್ಲ.

ಒರೆಸಿ, ಟೋಪಿ ಹಾಕಿ, ಜೆಲ್ ಬಿಟ್ಟೆ. "ಅರವತ್ತನಾಲ್ಕಕ್ಕೆ ಅರವತ್ತನಾಲ್ಕೂ ಹಿಡೀತಿದೆ! ಇಷ್ಟು ಚೊಕ್ಕ ಅಲೆ ಈ ತಿಂಗಳಲ್ಲಿ ನೋಡಿಲ್ಲ" ಎಂದು ಲೆಕ್ಕದ ಡಾಕ್ಟರು ಗಾಜಿನ ಆಚೆಯಿಂದ ಮೈಕಿನಲ್ಲಿ ಹೇಳಿದರು. ನಾನು ಹಾಳೆ ಹಿಡಿದು ಪಕ್ಕದಲ್ಲಿ ನಿಂತೆ. ಚಿಕ್ಕಮ್ಮನ ರೆಪ್ಪೆ ಅರ್ಧ ತೆರೆದಿತ್ತು. ಬಿಳಿ ಕಾಣುತ್ತಿತ್ತು. ಐದು ನಿಮಿಷ: ಕಣ್ಣು ತೆರೆದಿದೆ. ಹತ್ತು ನಿಮಿಷ: ಕಣ್ಣು ತೆರೆದಿದೆ. ಹಾಳೆಯಲ್ಲಿ ಸುಳ್ಳೇನೂ ಇರಲಿಲ್ಲ.

ಆದರೆ ಹೆಬ್ಬೆರಳು ಅಲುಗುತ್ತಿರಲಿಲ್ಲ.

ಅದನ್ನು ನಾನು ನೋಡಿದೆ. ನೋಡಲಿಲ್ಲವೆಂದು ಹೇಳಿದರೆ ಅದು ಸುಳ್ಳು. ಮೂರು ಬೆಳಿಗ್ಗೆಯೂ ನೋಡಿದೆ. ಮೂರು ಬೆಳಿಗ್ಗೆಯೂ ತಲೆ ತೊಳೆದಿದ್ದೆ. ಇವತ್ತು ಬೆರಳಿಗೆ ಮನಸ್ಸಿಲ್ಲ ಎಂದುಕೊಂಡೆ. ಹೆಬ್ಬೆರಳಿಗೆ ಹಾಳೆಯಲ್ಲಿ ಸಾಲೂ ಇರಲಿಲ್ಲ.

ಎರಡು ವಾರದ ಮೇಲೆ ಲೆಕ್ಕದ ಡಾಕ್ಟರು ನಮ್ಮನ್ನು ಕರೆದರು. ಕನ್ನಡಕ ಅವತ್ತು ಕಣ್ಣಿನ ಮೇಲೇ ಇತ್ತು. ಚಿಕ್ಕಮ್ಮನ ಮಾದರಿಗೆ ಎರಡೂ ಔಷಧ ಹಾಕಿ ನೋಡಿದ್ದಾರೆ, ನೂರಾರು ಸಲ. ಅಲೆಗಳು ತುಂಬ ನಿಧಾನ, ತುಂಬ ಆಳ. ಎಷ್ಟು ಚುರುಕು ಮಾಡಿದರೂ ಮತ್ತೆ ಅಲ್ಲಿಗೇ ಇಳಿದುಹೋಗುತ್ತದೆ.

"ಅಂದ್ರೆ ಮೋಟರೇ ಹೋಗಿದೆ ಅಂತೀರಾ ಮೇಡಂ?" ಎಂದು ಕೇಳಿದರು ಚಿಕ್ಕಪ್ಪ.

"ಹೋಗಿದೆ ಅಂತ ಹೇಳಲ್ಲ. ಈ ಎರಡು ಔಷಧದಿಂದ ಆಗಲ್ಲ ಅಂತ ಮಾದರಿ ಹೇಳ್ತಿದೆ. ಅಪಾಯ ಇರೋದ್ರಿಂದ, ಪ್ರಯೋಜನ ಇಲ್ಲದ ಕಡೆ ಕೊಡೋದು ಸರಿಯಲ್ಲ."

ಚಿಕ್ಕಪ್ಪ ಕೈ ಮುಗಿದು ಎದ್ದರು. ಅವತ್ತು ಹಾಸಿಗೆ ಪಕ್ಕ ಕೂತು ಲಿಫ್ಟಿನ ಮಾತು ಆಡಲಿಲ್ಲ. ಅವಳ ಕಾಲಿನ ಹೊದಿಕೆ ಸರಿಮಾಡಿದರು, ಸರಿಯಾಗಿಯೇ ಇದ್ದದ್ದನ್ನು. ಹೆಬ್ಬೆರಳು ತೋರುಬೆರಳಿನ ಮೇಲೆ ಹೊಸೆಯುತ್ತಿತ್ತು, ಎರಡು ಸಲ, ಮೂರು ಸಲ. ಅವರಿಗೆ ಅದು ಕಾಣಲಿಲ್ಲ.

ನನಗೆ ಪೂರ್ತಿ ಅರ್ಥವಾದದ್ದು ಅದಾಗಿ ಮೂರನೇ ದಿನ. ಕಿಟಕಿ ಪಕ್ಕದ ಯುವಕನಿಗೆ ಟೋಪಿ ಹಾಕಿದ್ದೆ. ನಡುವೆ ಅವನ ಕಣ್ಣು ಮುಚ್ಚಿತು. ನಾನು ಭುಜ ಒತ್ತುವಷ್ಟರಲ್ಲಿ ಗಾಜಿನ ಆಚೆಯಿಂದ, "ಈ ನಾಲ್ಕು ನಿಮಿಷ ಕತ್ತರಿಸಿ ಹಾಕ್ತೀನಿ" ಎಂದು ಕೇಳಿಸಿತು. ಮುಗಿದ ಮೇಲೆ ಲೆಕ್ಕದ ಡಾಕ್ಟರೇ ತಾವಾಗಿ ಹೇಳಿದರು: "ನಿದ್ದೆ ಸೇರಿದರೆ ಮಾದರಿ ಹಾಳು. ಆರೋಗ್ಯವಂತರಲ್ಲಾದರೆ ಅಲೆ ನೋಡಿಯೇ ನಿದ್ದೆ ಗೊತ್ತಾಗುತ್ತೆ. ಇವರದ್ದು ಎಚ್ಚರದಲ್ಲೂ ನಿದ್ದೆ ಥರವೇ ಇರುತ್ತೆ. ಅದಕ್ಕೇ ನಿಮ್ಮ ಹಾಳೆ ನನಗೆ ಅಷ್ಟು ಮುಖ್ಯ."

ನಿಮ್ಮ ಹಾಳೆ ಅಂದರು. ನಾನು ಜೆಲ್ ಮೆತ್ತಿದ ಟೋಪಿಯನ್ನು ತೊಳೆಯುವ ಕೋಣೆಗೆ ಒಯ್ದು, ನಲ್ಲಿ ತೆರೆದು ನಿಂತೆ. ಬೆಚ್ಚಗಿನ ನೀರು, ಕತ್ತಿನ ಗುಳಿ, ಸಡಿಲವಾದ ಹುಬ್ಬು, ಅಲುಗದ ಹೆಬ್ಬೆರಳು. ಮೂರು ಬೆಳಿಗ್ಗೆ ನಾನು ಚಿಕ್ಕಮ್ಮನನ್ನು ನನ್ನ ಕೈಯಾರೆ ಮಲಗಿಸಿ, ಮಲಗಿದ ಮಿದುಳಿನ ಅಳತೆ ಕೊಟ್ಟಿದ್ದೆ. ಆ ಅಳತೆಗೆ ಅವರು ಕಾಗದ ಕತ್ತರಿಸಿದ್ದರು. ಕಾಗದ ಸರಿ ಬರಲಿಲ್ಲವೆಂದು ಬಟ್ಟೆಯನ್ನೇ ಮಡಚಿ ಇಟ್ಟಿದ್ದರು.

ಆಗಲೇ ಹೇಳಿದ್ದರೆ. ಕಾರಿಡಾರು ನಲವತ್ತು ಹೆಜ್ಜೆ, ನಾನು ಎಣಿಸಿದ್ದೇನೆ. ಆರು ಜನರಲ್ಲಿ ಇನ್ನೂ ಇಬ್ಬರನ್ನು ಆರಿಸುವುದು ಬಾಕಿ ಇತ್ತು. ಅದೂ ಗೊತ್ತಿತ್ತು. ಮಾರನೇ ದಿನ ಅವರ ಬಾಗಿಲವರೆಗೆ ಹೋದೆ. ಅವರು ತಲೆ ಎತ್ತಿ, "ಏನಾದ್ರೂ ಹೇಳ್ಬೇಕಿತ್ತಾ?" ಅಂದರು.

ಮತ್ತೆ ಎಂಟನೇ ಕ್ಲಾಸಿನಲ್ಲಿ ಪುಸ್ತಕ ಹಿಡಿದು ನಿಂತ ಹಾಗಾಯಿತು. "ಇಲ್ಲ. ಕಸದ ಬುಟ್ಟಿ" ಅಂದೆ. ಬುಟ್ಟಿ ಖಾಲಿ ಇತ್ತು. ಖಾಲಿ ಬುಟ್ಟಿಯನ್ನೇ ಎತ್ತಿಕೊಂಡು ಹೋದೆ.

ಹನ್ನೊಂದು ವಾರ. ದಿನಾ ಬೆಳಿಗ್ಗೆ ಇವತ್ತು ಅಂದುಕೊಳ್ಳುವೆ, ಸಂಜೆ ನಾಳೆ ಅಂದುಕೊಳ್ಳುವೆ. ಹೆಬ್ಬೆರಳಿನ ಮಾತು ತೆಗೆದರೆ ನಗುತ್ತಾರೆ ಎಂದು ಒಂದು ಹೆದರಿಕೆ. ನಗದೆ ನಂಬಿಬಿಟ್ಟರೆ, ತಪ್ಪು ನನ್ನದೆಂದು ಚಿಕ್ಕಪ್ಪನಿಗೆ ಗೊತ್ತಾಗುತ್ತದೆ ಎಂದು ಇನ್ನೊಂದು. ಎರಡನೆಯದೇ ದೊಡ್ಡದಾಗಿತ್ತು. ಉಳಿದಿದ್ದ ಎರಡು ಜಾಗಗಳಲ್ಲಿ ಒಂದು ಆ ಯುವಕನಿಗೆ ಹೋಯಿತು. ಔಷಧ ಶುರುವಾದ ಆರನೇ ದಿನ, ತಾಯಿ ಸರಿಸುತ್ತಿದ್ದ ಕನ್ನಡಿಯನ್ನು ಹಿಂಬಾಲಿಸಿ ಅವನ ಕಣ್ಣು ಎಡದಿಂದ ಬಲಕ್ಕೆ ಹೋಯಿತು. ಇಡೀ ವಾರ್ಡು ಬಂದು ನೋಡಿತು. ಕಾಫಿಯ ಮಾತಾಡಿದ್ದ ಸಿಸ್ಟರೇ ಎಲ್ಲರಿಗಿಂತ ಮೊದಲು ಅತ್ತರು. ಚಿಕ್ಕಪ್ಪ ಆ ತಾಯಿಯ ಹತ್ತಿರ ಹೋಗಿ, "ನಿಮ್ಮ ಮಗನ ಲಿಫ್ಟು ಹೊರಟಿತು ಬಿಡಿ ಅಕ್ಕ" ಅಂದರು. ಮನಸಾರೆ ಅಂದರು. ಆಮೇಲೆ ಬಂದು ನನ್ನ ಪಕ್ಕ ನಿಂತು, "ನಮ್ಮವಳಿಗೂ ಹಾಕಿ ನೋಡಿದ್ರಲ್ಲ ಲೆಕ್ಕ. ಮೆಷಿನ್ನು ಸುಳ್ಳು ಹೇಳಲ್ಲ ಅಲ್ವಾ?" ಎಂದು ಕೇಳಿದರು.

ಅವರು ಹೊರಟ ಮೇಲೆ ನಲವತ್ತು ಹೆಜ್ಜೆ ನಡೆದು, ಲೆಕ್ಕದ ಡಾಕ್ಟರ ಬಾಗಿಲು ತಟ್ಟಿದೆ.

ನಿಂತುಕೊಂಡೇ ಹೇಳಿದೆ. ಹೆಬ್ಬೆರಳು, ಬೇಸಿನ್ನು, ರೆಪ್ಪೆ, ಎಲ್ಲ. ಕ್ರಮ ತಪ್ಪಿತ್ತು, ಮತ್ತೆ ಹಿಂದೆ ಹೋಗಿ ಹೇಳಿದೆ. ಅವರು ನಗಲಿಲ್ಲ. ಬೈಯಲೂ ಇಲ್ಲ. ತುಂಬ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು.

"ಅವರ ನಿದ್ದೆ ಎಚ್ಚರ ನಿಮಗೆ ಹೇಗೆ ಗೊತ್ತಾಗುತ್ತೆ ಅಂತ ನಾನು ಯಾವತ್ತೂ ಕೇಳಲೇ ಇಲ್ಲ" ಅಂದರು. ಪೆನ್ನು ಕೆಳಗಿಟ್ಟು, "ಆದರೂ ನೀವು ಹೇಳಬಹುದಿತ್ತು" ಅಂದರು.

ಮಾರನೇ ಬೆಳಿಗ್ಗೆ ಬೇಸಿನ್ನು ಇಲ್ಲ, ಬಿಸಿನೀರು ಇಲ್ಲ. ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ತಲೆ ಒರೆಸಿದೆ. ಚಿಕ್ಕಮ್ಮನ ಹುಬ್ಬು ಗಂಟಿಕ್ಕಿತು. ಟೋಪಿ ಹಾಕುವಷ್ಟು ಹೊತ್ತೂ ನಾನು ಮಾತಾಡಿದೆ, ಬಾಯಿಗೆ ಬಂದದ್ದು. ಬೀದಿ ತುದಿಯ ಶಿಕ್ಷಕಿಯ ಕೋಟು ಇನ್ನೂ ಹಾಗೇ ಇದೆ, ಒಂದು ತೋಳು ಕೂಡಿಸಿಲ್ಲ. ಚಿಕ್ಕಪ್ಪ ನಿನ್ನ ಒಳ್ಳೆಯ ಕತ್ತರಿಯಲ್ಲಿ ವೈರು ಕತ್ತರಿಸಿಬಿಟ್ಟರು, ಮೊಂಡಾಗಿದೆ, ನಿನಗೆ ಹೇಳಬೇಡ ಅಂದಿದ್ದಾರೆ. ಗಾಜಿನ ಆಚೆ ಒಬ್ಬರು ಕೇಳುತ್ತಿದ್ದಾರೆಂಬುದು ಮರೆತೇಹೋಗಿತ್ತು. ಹೆಬ್ಬೆರಳು ಇಪ್ಪತ್ತು ನಿಮಿಷದಲ್ಲಿ ಹನ್ನೆರಡು ಸಲ ಹೊಸೆಯಿತು. ಒಂದೊಂದನ್ನೂ ಹಾಳೆಯ ಅಂಚಿನಲ್ಲಿ ಬರೆದುಕೊಂಡೆ.

ಹೊಸ ಮಾದರಿ ಹತ್ತು ದಿನದಲ್ಲಿ ತಯಾರಾಯಿತು. ಎರಡನೇ ಔಷಧಕ್ಕೆ ಅದು ಎಚ್ಚರದ ಕಡೆ ಸರಿಯಿತು. ಪೂರ್ತಿ ಅಲ್ಲ, ಆದರೆ ಸರಿಯಿತು, ಮತ್ತೆ ಕೆಳಗೆ ಬೀಳಲಿಲ್ಲ. ಲೆಕ್ಕದ ಡಾಕ್ಟರು ಚಿಕ್ಕಪ್ಪನಿಗೆ, ಹೊಸದಾಗಿ ಅಲೆ ತೆಗೆದೆವು, ಈ ಸಲ ಫಲಿತಾಂಶ ಬೇರೆ ಬಂದಿದೆ ಎಂದಷ್ಟೇ ಹೇಳಿದರು. ನನ್ನ ಕಡೆ ನೋಡಲಿಲ್ಲ. ಮೊದಲ ಸುತ್ತಿನ ಆರೂ ಜಾಗ ತುಂಬಿತ್ತು. ಎರಡನೇ ಸುತ್ತಿಗೆ ಆಸ್ಪತ್ರೆಯ ಸಮಿತಿಯ ಒಪ್ಪಿಗೆ ಬೇಕು, ಆರು ವಾರ ಆಗಬಹುದು, ಮೊದಲ ಹೆಸರು ಇವರದೇ ಎಂದರು.

"ಹದಿನಾರು ತಿಂಗಳು ಕಾದಿದ್ದೀವಿ, ಆರು ವಾರ ಏನು ಮಹಾ!" ಎಂದು ಚಿಕ್ಕಪ್ಪ ಕಾರಿಡಾರಿನಲ್ಲೇ ನನ್ನ ಬೆನ್ನಿಗೆ ಒಂದು ಗುದ್ದು ಗುದ್ದಿದರು. ಮನೆಗೆ ಹೋಗಿ ಮೆಷಿನ್ನಿನ ಹೊದಿಕೆ ತೆಗೆದು ಎಣ್ಣೆ ಬಿಟ್ಟರು. ಸುಮ್ಮನೆ ಕಾಲಲ್ಲಿ ತುಳಿದು, ಅದು ಓಡುವ ಸದ್ದನ್ನು ಕೇಳಿದರು.

ನಾಲ್ಕನೇ ವಾರ ಚಿಕ್ಕಮ್ಮನಿಗೆ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿತು. ಇಂಥ ರೋಗಿಗಳಿಗೆ ಅದು ಬರುವುದುಂಟು, ಹಿಂದೆ ಎರಡು ಸಲ ಬಂದು ಹೋಗಿತ್ತು. ಈ ಸಲ ಹೋಗಲಿಲ್ಲ. ಐದನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ, ನಾನು ಅವಳ ಬಲಗೈ ಹಿಡಿದುಕೊಂಡಿದ್ದಾಗ ತೀರಿಕೊಂಡಳು. ಸಮಿತಿಯ ಒಪ್ಪಿಗೆ ಬಂದದ್ದು ಅದರ ಮುಂದಿನ ವಾರ.

ಹನ್ನೊಂದು ವಾರವನ್ನು ನಾನು ಎಷ್ಟೋ ಸಲ ಹಿಂದೆ ಮುಂದೆ ಸರಿಸಿ ನೋಡಿದ್ದೇನೆ. ಮೂರನೇ ದಿನವೇ ಹೇಳಿದ್ದರೆ ಔಷಧ ಸಿಗುತ್ತಿತ್ತು. ಫಲ ಕೊಡುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆರು ಜನರಲ್ಲಿ ಮೂವರಿಗೆ ಏನೂ ಆಗಲಿಲ್ಲ. ಇದನ್ನು ಲೆಕ್ಕದ ಡಾಕ್ಟರು ನನ್ನ ಸಮಾಧಾನಕ್ಕೆ ಹೇಳಿದರು. ಉಳಿದ ಮೂವರ ವಿಷಯ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಚಿಕ್ಕಪ್ಪನಿಗೆ ನಾನೇ ಹೇಳಿದೆ, ತಿಂಗಳಾದ ಮೇಲೆ. ಅವರು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಷೂಗೆ ಲೇಸು ಕಟ್ಟುತ್ತಿದ್ದರು. ಎಲ್ಲ ಕೇಳಿದರು. ಒಂದು ಷೂ ಕಟ್ಟಿತ್ತು, ಇನ್ನೊಂದು ಕೈಯಲ್ಲೇ ಇತ್ತು.

"ತಲೆ ತೊಳೆದಾಗ ಅವಳಿಗೆ ಹಾಯೆನಿಸ್ತಾ?" ಎಂದು ಕೇಳಿದರು.

"ಹುಬ್ಬು ಸಡಿಲ ಆಯ್ತು. ನಿದ್ದೆ ಮಾಡಿದಳು."

"ಹೂಂ" ಅಂದರು. ಎರಡನೇ ಷೂ ಹಾಕಿಕೊಂಡು ಕೆಲಸಕ್ಕೆ ಹೋದರು. ಅವತ್ತಿನಿಂದ ನನ್ನನ್ನು ಒಂದು ಮಾತೂ ಅಂದಿಲ್ಲ. ತಟ್ಟೆಗೆ ಹಾಕಿದ್ದು ಉಣ್ಣುತ್ತಾರೆ, ಬಂದೆಯಾ ಅಂತ ಕೇಳುತ್ತಾರೆ. ಸದ್ದಿಲ್ಲಮ್ಮ ಎಂದು ಮಾತ್ರ ಮತ್ತೆ ಕರೆದಿಲ್ಲ.

ಕಳೆದ ವಾರ ಲೆಕ್ಕದ ಡಾಕ್ಟರು ನನ್ನನ್ನು ಕೋಣೆಗೆ ಕರೆದರು. ಹಳೆಯ ಮಾದರಿಗಳನ್ನೆಲ್ಲ ಬೇರೆ ಕಡೆ ಸಾಗಿಸುತ್ತಿದ್ದಾರಂತೆ. "ನಿಮ್ಮ ಚಿಕ್ಕಮ್ಮಂದೂ ಇದೆ. ನೋಡ್ತೀರಾ? ಬೇಡ ಅಂದ್ರೆ ಬೇಡ" ಅಂದರು.

ನೋಡುತ್ತೇನೆ ಅಂದೆ.

ಪರದೆಯ ಮೇಲೆ ಚುಕ್ಕೆಗಳು ಬಂದವು. ಮೊದಲು ಔಷಧವಿಲ್ಲದೆ ಓಡಿಸಿದರು. ಚುಕ್ಕೆಗಳು ಎಲ್ಲ ಒಟ್ಟಿಗೇ ಮೆಲ್ಲಗೆ ಬೆಳಗಿ, ಒಟ್ಟಿಗೇ ಮಬ್ಬಾಗುತ್ತಿದ್ದವು. ಆಮೇಲೆ ಒಂದು ಅಂಕಿ ಬದಲಿಸಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ನಂತರ ಹಿಂಭಾಗದಲ್ಲಿ ಒಂದು ಚುಕ್ಕೆ ತನ್ನ ಪಾಡಿಗೆ ಮಿನುಗಿತು. ಅದಕ್ಕೆ ಮುಂಭಾಗದಿಂದ ಇನ್ನೊಂದು ಉತ್ತರಿಸಿತು. ಗೆರೆಗಳ ಮೇಲೆ ಬೆಳಕು ಅತ್ತಿತ್ತ ಓಡಾಡತೊಡಗಿತು.

"ಇದು ಎಚ್ಚರದ ಕಡೆ ಸರಿಯೋದು" ಎಂದರು ಅವರು, ತುಂಬ ಮೆಲ್ಲಗೆ.

"ಇದರಲ್ಲಿ ಕೈ ಎಲ್ಲಿದೆ?"

"ಕೈ ಇಲ್ಲ. ಮಿದುಳು ಮಾತ್ರ. ಅದೂ ಲೆಕ್ಕದ್ದು." ಆಮೇಲೆ ಏನೋ ಯೋಚಿಸಿ, ಪರದೆಯ ಎಡಭಾಗದಲ್ಲಿ ಒಂದು ಚುಕ್ಕೆಯ ಪಕ್ಕ ಬೆರಳಿಟ್ಟರು. "ಬಲಗೈ ಆಡಿಸೋ ಜಾಗ ಇದು."

ಆ ಚುಕ್ಕೆ ಬೆಳಗಿತು, ಆರಿತು. ಬೆಳಗಿತು, ಆರಿತು. ನಾನು ಎಣಿಸುತ್ತಾ ನಿಂತೆ. ಎಂಟರವರೆಗೆ ಎಣಿಸಿರಬೇಕು, ಹೊರಗಿನಿಂದ ದೊಡ್ಡ ಸಿಸ್ಟರ್ ಕರೆದರು, ಹೊಸ ರೋಗಿಗೆ ಟೋಪಿ ಹಾಕಬೇಕಿತ್ತು. ಹೋಗುತ್ತೇನೆ ಅಂದೆ. ಲೆಕ್ಕದ ಡಾಕ್ಟರು ನಿಲ್ಲಿಸಲು ಬಟನ್ನಿನ ಮೇಲೆ ಕೈಯಿಟ್ಟಿದ್ದರು. "ನಾನು ಹೋದ ಮೇಲೆ ನಿಲ್ಲಿಸಿ ಮೇಡಂ" ಅಂದೆ.

ಹೊಸ ರೋಗಿ ಒಬ್ಬರು ಮುದುಕರು. ಪಕ್ಕದಲ್ಲಿ ಅವರ ಮೊಮ್ಮಗಳು ನಿಂತಿದ್ದಳು. ನನ್ನ ಹಾಳೆಯಲ್ಲಿ ಈಗ ಕೊನೆಗೊಂದು ಸಾಲು ಹೆಚ್ಚಿದೆ, ನೋಡಿಕೊಳ್ಳುವವರು ಕಂಡದ್ದು ಎಂದು. ತಣ್ಣೀರಲ್ಲಿ ಬಟ್ಟೆ ಅದ್ದಿ ಹಿಂಡಿದೆ. ಮುದುಕರ ಹಣೆಯಿಂದ ಹಿಂದಕ್ಕೆ ಒರೆಸುವಾಗ ನನ್ನ ಬೆರಳು ತಾನಾಗಿ ಕತ್ತಿನ ಗುಳಿಗೆ ಹೋಯಿತು. ತೆಗೆದೆ.

"ತಾತ ಎಚ್ಚರ ಇದ್ದಾರೆ ಅಂತ ನಿನಗೆ ಹೇಗೆ ಗೊತ್ತಾಗುತ್ತಮ್ಮಾ?" ಎಂದು ಮೊಮ್ಮಗಳನ್ನು ಕೇಳಿದೆ. ಅವಳು ನೆಲ ನೋಡಿದಳು. ನಾನು ಬಟ್ಟೆ ಕೈಯಲ್ಲಿ ಹಿಡಿದು, ಅವಳು ಬಾಯಿ ಬಿಡುವವರೆಗೂ ನಿಂತೇ ಇದ್ದೆ.